ಕಲ್ಲು ಕರಗಿ ಬೆಳಕಾದ ಬಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿನ ರತ್ನ ವಿಭಾಗಕ್ಕೆ ಬರುವ ಜನ ಸಾಮಾನ್ಯವಾಗಿ ಮೊದಲು ಹುಡುಕುವುದು ಹೋಪ್ ವಜ್ರವನ್ನು. ನಮ್ಮ ಗೋಲ್ಕೊಂಡ ಸೀಮೆಯಿಂದ ಹೋದ ಆ ನೀಲಿ ವಜ್ರದ ಕಥೆ ಬೇಕಾದಷ್ಟು ಸಲ ಅಚ್ಚಾಗಿದೆ. ಅದೇ ವಿಭಾಗದಲ್ಲಿ 2012ರ ಡಿಸೆಂಬರಿನಿಂದ ಇನ್ನೊಂದು ಹರಳು ನಿಂತಿದೆ. ‘ನಿಂತಿದೆ’ ಎನ್ನಲು ಕಾರಣವುಂಟು. ಅದು ಉಂಗುರಕ್ಕೋ ಪದಕಕ್ಕೋ ಕೂರಿಸುವ ಹರಳಲ್ಲ. ಬುಡದಿಂದ ಮೇಲೆ ಹೋಗುತ್ತ ಸಪೂರಾಗಿ, ತುದಿಯಲ್ಲಿ ಚೂಪಾಗುವ ಒಂದು ಕಂಬ. ಎತ್ತರ ಸುಮಾರು 35 ಸೆಂಟಿಮೀಟರ್. ಮಕ್ಕಳು ಶಾಲೆಗೆ ಒಯ್ಯುವ ಅಡಿಪಟ್ಟಿಗಿಂತ ಐದು ಸೆಂಟಿಮೀಟರ್ ಹೆಚ್ಚು. ಬಣ್ಣ ತಿಳಿಯಾದ ಕಡಲಿನ ನೀಲಿ ಹಸಿರು.

ಇದರ ತೂಕ 10,363 ಕ್ಯಾರೆಟ್. ರತ್ನಗಳ ತೂಕದಲ್ಲಿ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಗುಣಿಸಿ ನೋಡಿದರೆ ಎರಡು ಕಿಲೋಗ್ರಾಂಗೆ ತುಸು ಹೆಚ್ಚಾಯಿತು. ಕೆತ್ತಿ ಸಾಣೆ ಹಿಡಿದ ಅಕ್ವಮರೀನ್ ಹರಳುಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾದ ಇದಕ್ಕೆ ‘ಡಾಮ್ ಪೆದ್ರೊ’ ಎಂದು ಹೆಸರು. ಬ್ರೆಜಿಲ್ ದೇಶವನ್ನಾಳಿದ ಇಬ್ಬರು ಚಕ್ರವರ್ತಿಗಳ ಹೆಸರದು.

ಆದರೆ ಇದನ್ನು ನೋಡಿದವರ ನೆನಪಿನಲ್ಲಿ ಉಳಿಯುವುದು ತೂಕವಲ್ಲ. ಕಂಬದೊಳಗೆ ಸಾಲುಸಾಲಾಗಿ ಬೆಳಕಿನ ಕಿರಣಗಳು ಹೊಳೆಯುತ್ತವೆ. ಒಳಗೆಲ್ಲೋ ದೀಪ ಹಚ್ಚಿಟ್ಟಿದ್ದಾರೆ ಎನ್ನಿಸುವಂತಿದೆ. ದೀಪವೂ ಇಲ್ಲ, ಕನ್ನಡಿಯೂ ಇಲ್ಲ. ಕಲ್ಲಿನ ಬೆನ್ನಿನಲ್ಲಿ ಕೊರೆದ ಕೆಲವು ಗಾಡಿಗಳಷ್ಟೇ ಆ ಕೆಲಸ ಮಾಡುತ್ತಿವೆ. ಅದು ಹೇಗೆ ಎನ್ನುವುದಕ್ಕೆ ಪ್ರೌಢಶಾಲೆಯ ಭೌತವಿಜ್ಞಾನ ಸಾಕು. ಯಾರು, ಏಕೆ ಎನ್ನುವುದಕ್ಕೆ ಮಾತ್ರ ಸ್ವಲ್ಪ ದೂರ ಹೋಗಬೇಕು.

ಕೈಜಾರಿದ ಹರಳು

1980ರ ದಶಕದ ಕೊನೆಯಲ್ಲಿ ಬ್ರೆಜಿಲ್ಲಿನ ಮಿನಾಸ್ ಜೆರಾಯಿಸ್ ಪ್ರಾಂತದ ಪೆದ್ರ ಅಜೂಲ್ ಎಂಬಲ್ಲಿ, ಸ್ವಂತ ಅದೃಷ್ಟ ನಂಬಿ ನೆಲ ಅಗೆಯುವ ಬಡ ಗಣಿಗಾರರಿಗೆ ಒಂದು ಭಾರಿ ಹರಳು ಸಿಕ್ಕಿತು. ಉದ್ದ ಸುಮಾರು ಒಂದು ಮೀಟರ್, ತೂಕ ಸುಮಾರು 45 ಕಿಲೋಗ್ರಾಂ. ಸಾಗಿಸುವಾಗ ಅದು ಕೈಜಾರಿ ಬಿದ್ದು ಮೂರು ತುಂಡಾಯಿತು. ಎರಡು ತುಂಡುಗಳು ಸಣ್ಣಸಣ್ಣ ಆಭರಣದ ಹರಳುಗಳಾಗಿ ಹಂಚಿಹೋದವು. ಉಳಿದ ದೊಡ್ಡ ತುಂಡು ಸುಮಾರು 60 ಸೆಂಟಿಮೀಟರ್ ಉದ್ದ, 26 ಕಿಲೋಗ್ರಾಂ ತೂಕವಿತ್ತು. ನಮ್ಮ ಡಾಮ್ ಪೆದ್ರೊ ಹೊರಬಂದದ್ದು ಅದರೊಳಗಿನಿಂದ.

ಅಕ್ವಮರೀನ್ ಎಂಬುದು ಬೆರಿಲ್ ಎಂಬ ಖನಿಜದ ಒಂದು ಬಗೆ. ಬೆರಿಲಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಇವು ಸೇರಿ ಆರು ಮುಖದ ಕಂಬದಂತೆ ಬೆಳೆಯುವ ಖನಿಜವಿದು. ಶುದ್ಧವಾಗಿದ್ದರೆ ಇದಕ್ಕೆ ಬಣ್ಣವೇ ಇಲ್ಲ. ಅತ್ಯಲ್ಪ ಪ್ರಮಾಣದ ಕಬ್ಬಿಣ ಸೇರಿದರೆ ನೀಲಿ ಛಾಯೆ ಬರುತ್ತದೆ, ಅದು ಅಕ್ವಮರೀನ್. ಕಬ್ಬಿಣದ ಬದಲು ಕ್ರೋಮಿಯಂ ಅಥವಾ ವನೇಡಿಯಂ ಸೇರಿದರೆ ಅದೇ ಖನಿಜ ಪಚ್ಚೆಯಾಗುತ್ತದೆ. ಪಚ್ಚೆಯೂ ಅಕ್ವಮರೀನೂ ಒಡಹುಟ್ಟಿದವರು ಎಂದರೆ ತಪ್ಪಾಗಲಾರದು.

ಭೂಮಿಯೊಳಗೆ ಗ್ರಾನೈಟ್ ಶಿಲಾರಸ ತಣಿದು ಗಟ್ಟಿಯಾಗುವಾಗ, ಕಟ್ಟಕಡೆಯಲ್ಲಿ ಸ್ವಲ್ಪ ರಸ ಉಳಿದುಕೊಳ್ಳುತ್ತದೆ. ಬೇರೆ ಖನಿಜಗಳಲ್ಲಿ ಜಾಗ ಸಿಗದ ಬೆರಿಲಿಯಂನಂತಹ ಧಾತುಗಳೂ ನೀರಿನ ಅಂಶವೂ ಆ ರಸದಲ್ಲಿ ಕೂಡಿಕೊಳ್ಳುತ್ತವೆ. ಅದು ಬಂಡೆಯ ಬಿರುಕುಗಳಲ್ಲಿ ಹರಿದು ಪೆಗ್ಮಟೈಟ್ ಎಂಬ ಶಿಲೆಯಾಗುತ್ತದೆ. ಅಲ್ಲಿ ಹರಳುಗಳು ಆಳೆತ್ತರ ಬೆಳೆಯುವುದೂ ಉಂಟು. ಮದುವೆಯೂಟದಲ್ಲಿ ಕೊನೆಯ ಪಂಕ್ತಿಗೆ ಕೂತವರಿಗೆ ಕೆಲವೊಮ್ಮೆ ಪಾತ್ರೆಯ ತಳದಲ್ಲಿ ಕೂಡಿಕೊಂಡ ದ್ರಾಕ್ಷಿ, ಗೋಡಂಬಿ ಎಲ್ಲ ಒಟ್ಟಿಗೆ ಸಿಗುತ್ತದಲ್ಲ, ಹಾಗೆ.

ಬೆರಿಲ್ ಎಂಬ ಹೆಸರಿಗೂ ನಮಗೂ ನಂಟಿದೆ. ಗ್ರೀಕರ ‘ಬೆರಿಲ್ಲೋಸ್’ ಎಂಬ ಶಬ್ದ ಪ್ರಾಕೃತದ ‘ವೇರುಲಿಯ’ದಿಂದ ಬಂದದ್ದು, ಅದೇ ಸಂಸ್ಕೃತದಲ್ಲಿ ‘ವೈಡೂರ್ಯ’. ಇಂದು ನವರತ್ನದ ಲೆಕ್ಕದಲ್ಲಿ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನ ಹರಳು. ಹಿಂದೆ ಆ ಶಬ್ದ ಬೆರಿಲ್‌ಗೂ ಸಲ್ಲುತ್ತಿತ್ತು. ಜರ್ಮನರು ಕನ್ನಡಕಕ್ಕೆ ‘ಬ್ರಿಲ್ಲೆ’ ಎನ್ನುವುದು ಇದೇ ಬೆರಿಲ್‌ನಿಂದ. ಆರಂಭದಲ್ಲಿ ಅಕ್ಷರ ದೊಡ್ಡದಾಗಿ ಕಾಣಲು ಇಂತಹ ಪಾರದರ್ಶಕ ಹರಳುಗಳನ್ನೇ ಉಜ್ಜಿ ಬಳಸುತ್ತಿದ್ದರು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಒಳ್ಳೆಯ ಬೆರಿಲ್ ಬರುವುದು ಭಾರತದಿಂದ ಎಂದೂ, ಮುಖಗಳನ್ನು ಉಜ್ಜಿ ಕೋನ ಮಾಡದಿದ್ದರೆ ಅದರ ಬಣ್ಣ ಮಂಕಾಗಿ ಕಾಣುತ್ತದೆ ಎಂದೂ ಬರೆದಿದ್ದಾನೆ. ಕಲ್ಲನ್ನು ಕಡಿದರೆ ಬೆಳಕು ಹುಟ್ಟುತ್ತದೆ ಎಂಬುದು ಎರಡು ಸಾವಿರ ವರ್ಷಗಳಷ್ಟು ಹಳೆಯ ತಿಳಿವಳಿಕೆ.

ಹೊಟ್ಟೆಯ ಮೇಲೆ ಮಲಗಿ ದುಡಿದವರು

ಬ್ರೆಜಿಲ್ಲಿನ ಕಲ್ಲು ಕೊನೆಗೆ ಹೋಗಿ ಸೇರಿದ್ದು ಜರ್ಮನಿಯ ನೈರುತ್ಯ ಭಾಗದ ಇಡಾರ್-ಓಬರ್‌ಸ್ಟೈನ್ ಎಂಬ ಊರಿಗೆ. ನಾಹೆ ಎಂಬ ಹೊಳೆಯ ಕಣಿವೆಯ ಈ ಪುಟ್ಟ ಪಟ್ಟಣ ರತ್ನಪಡಿ ಲೋಕದಲ್ಲಿ ಒಂದು ಕ್ಷೇತ್ರವಿದ್ದಂತೆ. ಅಲ್ಲಿನ ಗುಡ್ಡಗಳು ಹಳೆಯ ಜ್ವಾಲಾಮುಖಿಯ ಲಾವಾದಿಂದ ಆದವು. ಲಾವಾ ಗಟ್ಟಿಯಾಗುವಾಗ ಉಳಿದ ಗಾಳಿಗುಳ್ಳೆಗಳಲ್ಲಿ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಶಿಲೆಯಾಗಿದೆ. ನಮ್ಮಲ್ಲೂ ವಿಜಯಪುರ, ಬೀದರ್, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಶಿಲೆಯ ಗುಳ್ಳೆಗಳಲ್ಲಿ ಇಂತಹದೇ ಬಿಳಿ ಹರಳುಗಳು ಕಾಣಸಿಗುತ್ತವೆ. ಪ್ರವಾಸ ಹೋದ ಮಕ್ಕಳು ಆರಿಸಿ ಜೇಬಿಗೆ ತುಂಬಿಕೊಳ್ಳುವ ಕಲ್ಲುಗಳು ಅವೇ.

ಇಡಾರ್‌ನಲ್ಲಿ ಹೊಳೆಯ ನೀರಿನಿಂದ ತಿರುಗುವ ಚಕ್ರ, ಆ ಚಕ್ರದ ದಂಡಕ್ಕೆ ಆಳೆತ್ತರದ ಮರಳುಗಲ್ಲಿನ ಸಾಣೆ. ಕೆಲಸಗಾರ ಕೂತುಕೊಂಡು ಉಜ್ಜುತ್ತಿರಲಿಲ್ಲ. ಮರದ ತಗ್ಗು ಪೀಠದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಪಾದಗಳನ್ನು ನೆಲದ ದಿಮ್ಮಿಗೆ ಒತ್ತಿ, ಆ ಬಲದಿಂದ ಕಲ್ಲನ್ನು ಸಾಣೆಗೆ ಅದುಮುತ್ತಿದ್ದ. ಮುಖದ ಮುಂದೆಯೇ ತಿರುಗುವ ಸಾಣೆ, ಚಿಮ್ಮುವ ತಣ್ಣೀರು, ಕಲ್ಲಿನ ಪುಡಿ. ಎದೆಗೂಡು ಒತ್ತಿ, ಶ್ವಾಸಕೋಶ ಕೆಟ್ಟು, ಅನೇಕರು ನಡುವಯಸ್ಸಿನಲ್ಲೇ ತೀರಿಕೊಂಡರು. ಸಾಣೆಗಲ್ಲು ತಿರುಗುತ್ತಲೇ ಸಿಡಿದು ಸತ್ತವರೂ ಇದ್ದರು. ಇಂತಹ ಒಂದು ಹಳೆಯ ಕಾರ್ಖಾನೆಯನ್ನು ಊರಿನವರು ಇಂದಿಗೂ ಉಳಿಸಿಕೊಂಡು, ಬಂದವರಿಗೆ ನಡೆಸಿ ತೋರಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಊರಿನ ಅಗೇಟ್ ಬಹುತೇಕ ಮುಗಿಯುತ್ತ ಬಂತು. ಹೊಟ್ಟೆಪಾಡಿಗಾಗಿ ಕೆಲವರು ಹಡಗು ಹತ್ತಿ ಬ್ರೆಜಿಲ್‌ಗೆ ಹೋದರು. ಅಲ್ಲಿ ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತದಲ್ಲಿ, ಹೊಲಗಳಲ್ಲಿ ಬಿದ್ದಿದ್ದ ಉಂಡೆಗಲ್ಲುಗಳನ್ನು ಕಂಡು, ಇವು ತಮ್ಮೂರ ಕಲ್ಲೇ ಎಂದು ಗುರುತಿಸಿದರು. ಬೇರೆಯವರ ಪಾಲಿಗೆ ನೇಗಿಲಿಗೆ ಅಡ್ಡಬರುವ ಕಲ್ಲು. ಸಾಣೆಗಾರನ ಮಗನಿಗೆ ಅದು ಅನ್ನ. ಅಲ್ಲಿಂದ ಹಡಗಿನ ತೂಕಕ್ಕಾಗಿ ತುಂಬುವ ಕಲ್ಲಿನ ರೂಪದಲ್ಲಿ ಅಗೇಟ್ ಜರ್ಮನಿಗೆ ಬರತೊಡಗಿತು. ಬ್ರೆಜಿಲ್‌ಗೂ ಇಡಾರ್‌ಗೂ ಅಂದು ಬೆಸೆದ ಸಂಬಂಧ ಇಂದಿಗೂ ಮುಂದುವರಿದಿದೆ.

ಅಲ್ಲಿನವರಿಗೆ ರಸಾಯನ ವಿಜ್ಞಾನವೂ ಗೊತ್ತಿತ್ತು. ಬೂದು ಅಗೇಟನ್ನು ಜೇನು ಅಥವಾ ಸಕ್ಕರೆ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಕಾಯಿಸಿದರೆ ಕಲ್ಲು ಅಚ್ಚ ಕಪ್ಪಾಗುತ್ತದೆ. ಗಂಧಕಾಮ್ಲ ಸಕ್ಕರೆಯಿಂದ ನೀರಿನಂಶವನ್ನು ಹೀರಿ ಬರಿಯ ಇಂಗಾಲ ಉಳಿಸುತ್ತದೆ ಎಂದು ಪ್ರಯೋಗಶಾಲೆಯಲ್ಲಿ ತೋರಿಸುತ್ತೇವಲ್ಲ, ಅದೇ ಕ್ರಿಯೆ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಆ ಇಂಗಾಲ ಕೂತುಬಿಡುತ್ತದೆ.

ತೂಕವೋ, ರೂಪವೋ?

ಇಂತಹ ಊರಿನ ಪಕ್ಕದ ಮೋರ್‌ಷೀಡ್ ಎಂಬ ಹಳ್ಳಿಯಲ್ಲಿ 1943ರಲ್ಲಿ ಬರ್ಂಡ್ ಮುನ್‌ಸ್ಟೈನರ್ ಹುಟ್ಟಿದರು. ತಂದೆ, ತಾತ ಇಬ್ಬರೂ ಕಲ್ಲು ಸಾಣೆ ಹಿಡಿಯುವವರು. ಹುಡುಗ ತಂದೆಯ ಬಳಿಯೇ ಕಸುಬು ಕಲಿತ. ಅಷ್ಟಕ್ಕೆ ನಿಲ್ಲಿಸಿದ್ದರೆ ಊರಿನ ನೂರಾರು ಸಾಣೆಗಾರರಲ್ಲಿ ಅವರೂ ಒಬ್ಬರಾಗಿರುತ್ತಿದ್ದರು. ಆದರೆ 1962ರಲ್ಲಿ ಅವರು ಚಿನ್ನದ ಕೆಲಸಕ್ಕೆ ಹೆಸರಾದ ಫೋರ್ಟ್ಸ್‌ಹೈಮ್ ಪಟ್ಟಣದ ಕಲಾಶಾಲೆಗೆ ಸೇರಿ, ನಾಲ್ಕು ವರ್ಷ ವಿನ್ಯಾಸ ಓದಿದರು. ಕೈಯಲ್ಲಿ ಕಸುಬು ಇದ್ದವನಿಗೆ ಅಲ್ಲಿ ಹೊಸ ಪ್ರಶ್ನೆಯೊಂದು ಎದುರಾಯಿತು: ಎಲ್ಲರೂ ಕಲ್ಲನ್ನು ಒಂದೇ ಬಗೆಯಲ್ಲಿ ಏಕೆ ಕಡಿಯಬೇಕು?

ಪ್ರಶ್ನೆ ಸಣ್ಣದಲ್ಲ. ವಜ್ರಕ್ಕೆ ಇಂದು ಎಲ್ಲೆಡೆ ಕಾಣುವ ದುಂಡು ‘ಬ್ರಿಲಿಯಂಟ್’ ರೂಪಕ್ಕೆ 57 ಮುಖಗಳು. ಯಾವ ಮುಖ ಎಷ್ಟು ಓರೆಯಾಗಿದ್ದರೆ ಬೆಳಕು ಹೆಚ್ಚು ಹಿಂದಿರುಗುತ್ತದೆ ಎಂದು ಮಾರ್ಸೆಲ್ ಟೋಲ್ಕೊವ್‌ಸ್ಕಿ ಎಂಬ ಎಂಜಿನಿಯರ್ 1919ರಲ್ಲಿ ಲೆಕ್ಕ ಮಾಡಿ ಪುಸ್ತಕವನ್ನೇ ಬರೆದ. ಅದು ವಿಜ್ಞಾನದ ಗೆಲುವು. ಆದರೆ ಗೆಲುವು ಅಚ್ಚಾಗಿ ಕೂತಾಗ ಕಲ್ಲುಗಳೆಲ್ಲ ಒಂದೇ ತರಹ ಕಾಣತೊಡಗುತ್ತವೆ. ಅಲ್ಲದೆ ವ್ಯಾಪಾರದಲ್ಲಿ ಕಲ್ಲಿನ ಬೆಲೆ ಕ್ಯಾರೆಟ್ ಲೆಕ್ಕದಲ್ಲಿ. ಕಡಿದಷ್ಟೂ ನಷ್ಟ. ಆದ್ದರಿಂದ ಸಾಣೆಗಾರನ ಜಾಣತನವೆಲ್ಲ ತೂಕ ಉಳಿಸುವುದರಲ್ಲಿತ್ತು.

ಮುನ್‌ಸ್ಟೈನರ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರು. ಕಲ್ಲಿನ ಮುಂಭಾಗವನ್ನು ಸಪಾಟಾಗಿ ಬಿಟ್ಟು, ಹಿಂಭಾಗದಲ್ಲಿ ಆಳವಾದ ಗಾಡಿ, ಬಾಗು, ಗುಳಿಗಳನ್ನು ಕೊರೆದರು. ಕೊರೆದ ಕಡೆ ಕಲ್ಲಿಲ್ಲ. ಎದುರಿನಿಂದ ನೋಡಿದರೆ ಅಲ್ಲಿಯೇ ಬೆಳಕಿನ ಗೆರೆ. ಶಿಲ್ಪಿ ಹೊರಗಿನಿಂದ ರೂಪ ಕಡೆಯುತ್ತಾನೆ, ಇವರು ಕಲ್ಲಿನ ಒಳಗೆ ಬೆಳಕಿನ ರೂಪ ಕಡೆದರು ಎನ್ನಬಹುದು. ಇದಕ್ಕೆ ‘ಫ್ಯಾಂಟಸಿ ಕಟ್’ ಎಂಬ ಹೆಸರು ಬಂತು. ಬೆಲೆಬಾಳುವ ಕಲ್ಲನ್ನು ಹೀಗೆ ಹಾಳು ಮಾಡುವುದೇ ಎಂದು ಹಳಬರು ಹುಬ್ಬು ಗಂಟಿಕ್ಕಿದರು. ಮುನ್‌ಸ್ಟೈನರ್ 1973ರಲ್ಲಿ ಸ್ಟಿಪ್ಸ್‌ಹೌಸನ್ ಎಂಬ ಹಳ್ಳಿಯಲ್ಲಿ ಸ್ವಂತ ಕಾರ್ಯಾಗಾರ ತೆರೆದು ತಮ್ಮ ಪಾಡಿಗೆ ದುಡಿದರು. ಕೆಲ ವರ್ಷಗಳಲ್ಲಿ ಜಗತ್ತಿನ ನಾನಾ ಕಡೆಯ ಸಾಣೆಗಾರರು ಇದೇ ಜಾಡಿನಲ್ಲಿ ಕೆಲಸ ಆರಂಭಿಸಿದರು.

ಪ್ರನಾಳದ ಪಾಠ

ಈಗ ಬೆಳಕಿನ ಗುಟ್ಟು. ವಿದ್ಯಾರ್ಥಿಗಳು ಇದನ್ನು ಓದಿ ಬಿಡದೆ ಮಾಡಿ ನೋಡಬೇಕು. ಗಾಜಿನ ಲೋಟವೊಂದರಲ್ಲಿ ನೀರು ತುಂಬಿ. ಖಾಲಿ ಪ್ರನಾಳವೊಂದನ್ನು ನೀರೊಳಗೆ ಹೋಗದಂತೆ ಬಾಯಿ ಮೇಲಿಟ್ಟು ಓರೆಯಾಗಿ ಅದ್ದಿ ಹಿಡಿಯಿರಿ. ಮೇಲಿನಿಂದ ನೋಡಿದರೆ ಮುಳುಗಿದ ಭಾಗ ಬೆಳ್ಳಿಯ ಕೊಳವೆಯಂತೆ ಥಳಥಳಿಸುತ್ತದೆ. ಈಗ ಪ್ರನಾಳದೊಳಗೆ ನೀರು ಸುರಿಯಿರಿ. ನೀರು ಏರಿದಷ್ಟೂ ಬೆಳ್ಳಿ ಮಾಯ! ಅಲ್ಲಿ ಬೆಳ್ಳಿ ಇರಲೇ ಇಲ್ಲ. ಒಳಗಿದ್ದ ಗಾಳಿಯೇ ಕನ್ನಡಿಯ ಕೆಲಸ ಮಾಡುತ್ತಿತ್ತು.

ಬೆಳಕು ಸಾಂದ್ರ ಮಾಧ್ಯಮದಿಂದ ಗಾಳಿಗೆ ಬರುವಾಗ ಲಂಬದಿಂದ ದೂರಕ್ಕೆ ಬಾಗುತ್ತದೆ. ಓರೆ ಹೆಚ್ಚಾದಂತೆ ಬಾಗುವುದೂ ಹೆಚ್ಚಿ, ಒಂದು ಮಿತಿ ಮೀರಿದ ಮೇಲೆ ಹೊರಗೆ ಬರಲಾರದೆ ಇಡಿಯಾಗಿ ಒಳಕ್ಕೇ ಹಿಂದಿರುಗುತ್ತದೆ. ಆ ಮಿತಿಯೇ ಕ್ರಾಂತಿಕ ಕೋನ. ಈ ವಿದ್ಯಮಾನವೇ ಸಂಪೂರ್ಣ ಆಂತರಿಕ ಪ್ರತಿಫಲನ. ಕೋನ ಕಂಡುಹಿಡಿಯುವುದು ಸುಲಭ. ಒಂದನ್ನು ವಕ್ರೀಭವನ ಸೂಚ್ಯಂಕದಿಂದ ಭಾಗಿಸಿ, ಬಂದ ಸಂಖ್ಯೆ ಯಾವ ಕೋನದ ಸೈನ್ ಎಂದು ಕೋಷ್ಟಕದಲ್ಲಿ ನೋಡಿದರಾಯಿತು. ನೀರಿಗೆ ಇದು ಸುಮಾರು 49 ಡಿಗ್ರಿ. ಅಕ್ವಮರೀನ್‌ನ ಸೂಚ್ಯಂಕ ಸುಮಾರು 1.58; ಆದ್ದರಿಂದ ಅದರ ಕ್ರಾಂತಿಕ ಕೋನ ಸುಮಾರು 39 ಡಿಗ್ರಿ. ವಜ್ರದ್ದು 2.42, ಕೋನ ಕೇವಲ 24 ಡಿಗ್ರಿ ಚಿಲ್ಲರೆ. ವಜ್ರದೊಳಗೆ ಹೊಕ್ಕ ಬೆಳಕು ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಅದರ ಹೊಳಪಿಗೆ ಇದೊಂದು ಮುಖ್ಯ ಕಾರಣ.

ಈಗ ಅಕ್ವಮರೀನ್ ಹಲಗೆಯೊಂದರ ಬೆನ್ನಿನಲ್ಲಿ ‘ವಿ’ ಆಕಾರದ ಎರಡು ಗಾಡಿಗಳನ್ನು ಪಕ್ಕಪಕ್ಕದಲ್ಲಿ ಕೊರೆದಿದ್ದೇವೆ ಎಂದುಕೊಳ್ಳಿ. ನಡುವೆ ಮನೆಯ ಮಾಡಿನಂತೆ ಒಂದು ದಿಬ್ಬ ಉಳಿಯುತ್ತದೆ. ದಿಬ್ಬದ ಎರಡೂ ಬದಿ 45 ಡಿಗ್ರಿ ಓರೆಯಾಗಿರಲಿ. ಎದುರಿನಿಂದ ನೇರ ಒಳಹೊಕ್ಕ ಬೆಳಕು ಒಂದು ಬದಿಗೆ 45 ಡಿಗ್ರಿಯಲ್ಲಿ ಬಡಿಯುತ್ತದೆ. ಇದು 39ಕ್ಕಿಂತ ಹೆಚ್ಚಾದ್ದರಿಂದ ಹೊರಗೆ ದಾರಿಯಿಲ್ಲ. ಅಡ್ಡಕ್ಕೆ ತಿರುಗಿ ಇನ್ನೊಂದು ಬದಿಗೆ ಬಡಿದು, ಮತ್ತೆ ತಿರುಗಿ, ಬಂದ ದಾರಿಯ ದಿಕ್ಕಿಗೇ ಹೊರಟು ನೋಡುವವನ ಕಣ್ಣಿಗೆ ಬೀಳುತ್ತದೆ. ದುರ್ಬೀನಿನ ಒಳಗಿನ ಪಟ್ಟಕಗಳು ಮಾಡುವುದೂ ಇದನ್ನೇ. ಗಾಡಿಯ ಅಗಲ, ಆಳ, ಓರೆಗಳನ್ನು ಬದಲಿಸಿದರೆ ಬೆಳಕಿನ ಗೆರೆ ಎಲ್ಲಿ ಮೂಡಬೇಕು, ಎಲ್ಲಿ ತೆಳುವಾಗಬೇಕು ಎಂದು ಬರೆದಂತೆ ನಿರ್ಧರಿಸಬಹುದು.

ತಾಯಂದಿರಿಗೂ ಇದರಲ್ಲೊಂದು ಪಾಠವುಂಟು. ವಜ್ರದ ಮೂಗುಬೊಟ್ಟಿನ ಹಿಂಭಾಗಕ್ಕೆ ಎಣ್ಣೆಯ ಜಿಡ್ಡು ಹತ್ತಿದರೆ ಹರಳು ಮಂಕಾಗುತ್ತದೆ. ಗಾಳಿಯಿದ್ದ ಜಾಗಕ್ಕೆ ಎಣ್ಣೆ ಬಂದಾಗ ಕ್ರಾಂತಿಕ ಕೋನ 24ರಿಂದ ಸುಮಾರು 37 ಡಿಗ್ರಿಗೆ ಏರುತ್ತದೆ; ಮೊದಲು ಸಿಕ್ಕಿಬೀಳುತ್ತಿದ್ದ ಬೆಳಕು ಈಗ ಹಿಂದಿನಿಂದ ಸೋರಿಹೋಗುತ್ತದೆ. ಸಾಬೂನಿನ ನೀರಿನಲ್ಲಿ ಮೃದುವಾಗಿ ತೊಳೆದರೆ ಹೊಳಪು ಹಿಂದಿರುಗುವುದು ಇದೇ ಕಾರಣಕ್ಕೆ.

ನಾಲ್ಕು ತಿಂಗಳು ನೋಟ, ಆರು ತಿಂಗಳು ಕೆಲಸ

26 ಕಿಲೋಗ್ರಾಂನ ಹರಳು ಕೈಗೆ ಬಂದಾಗ ಮುನ್‌ಸ್ಟೈನರ್ ಕೂಡಲೇ ಸಾಣೆ ಹೂಡಲಿಲ್ಲ. ನಾಲ್ಕು ತಿಂಗಳು ಅದನ್ನು ಬರಿದೇ ಪರೀಕ್ಷಿಸಿದರು. ನೂರಾರು ನಕ್ಷೆ ಬರೆದರು. ಒಳಗೆ ಬಿರುಕು ಎಲ್ಲಿದೆ, ದೋಷ ಎಲ್ಲಿದೆ, ಬಣ್ಣ ಹೇಗೆ ಹರಡಿದೆ, ಎಲ್ಲಿ ಕೊರೆದರೆ ಕಲ್ಲು ತಾಳುತ್ತದೆ ಎಂಬುದನ್ನು ತಿಳಿಯಬೇಕಿತ್ತು. ಬೆರಿಲ್‌ನ ಗಡಸುತನ ಮೋಸ್ ಮಾಪಕದಲ್ಲಿ ಏಳೂವರೆಯಿಂದ ಎಂಟು. ಉಕ್ಕಿನ ಚೂರಿಗೆ ಅದು ಬಗ್ಗದು. ಆದರೆ ಗಡಸುತನ ಬೇರೆ, ಗಟ್ಟಿತನ ಬೇರೆ. ಗೀರಿಗೆ ಜಗ್ಗದ ಹರಳು ಪೆಟ್ಟಿಗೆ ಒಡೆದೀತು. ಬ್ರೆಜಿಲ್ಲಿನಲ್ಲಿ ಆದದ್ದೇ ಅದು. ಕೊರೆಯುವಾಗ ಬಿಸಿ ಏರಿದರೂ ಅಪಾಯ. ವಜ್ರದ ಪುಡಿ ಹಚ್ಚಿದ ಚಕ್ರ, ಅದರ ಮೇಲೆ ಸದಾ ಹರಿಯುವ ನೀರು, ಇವೆರಡರ ನಡುವೆ ನಿಧಾನದ ಕೆಲಸ.

ಕಡಿಯುವುದಕ್ಕೂ ಉಜ್ಜುವುದಕ್ಕೂ ಮತ್ತೆ ಆರು ತಿಂಗಳು ಹಿಡಿಯಿತು. ಚಿನ್ನ ಕೆಟ್ಟರೆ ಕರಗಿಸಿ ಮತ್ತೆ ಮಾಡಬಹುದು, ಮಣ್ಣನ್ನು ಮತ್ತೆ ಕಲೆಸಬಹುದು. ಹರಳಿನಲ್ಲಿ ಅಂತಹ ಎರಡನೆಯ ಅವಕಾಶವಿಲ್ಲ. ಕಂಬದ ಹಿಂದಿನ ಎರಡು ಮುಖಗಳಲ್ಲಿ, ಕೆಳಗಿನಿಂದ ಮೇಲೆ ಹೋಗುತ್ತ ಸಣ್ಣದಾಗುವ ಗಾಡಿಗಳ ಸಾಲನ್ನು ಅವರು ಕೊರೆದರು. ಕಂಬ ಸಪೂರಾದಂತೆ ಗೆರೆಗಳೂ ಸಪೂರು. 1993ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೇಳದಲ್ಲಿ ಜನ ಇದನ್ನು ಮೊದಲು ನೋಡಿದರು. ಆ ವೇಳೆಗೆ 26 ಕಿಲೋಗ್ರಾಂ ಹೋಗಿ ಎರಡು ಕಿಲೋಗ್ರಾಂ ಉಳಿದಿತ್ತು. ಹನ್ನೆರಡು ಹದಿಮೂರು ಪಾಲಿನಲ್ಲಿ ಒಂದು ಪಾಲು!

ಜೇನ್ ಮಿಚೆಲ್ ಮತ್ತು ಜೆಫ್ರಿ ಬ್ಲಾಂಡ್ ಎಂಬವರು ಮುಂದೆ ಇದನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಕೊಟ್ಟರು. ಹೀಗೆ ಒಬ್ಬರ ತಿಜೋರಿಯಲ್ಲಿ ಇರಬಹುದಾಗಿದ್ದ ವಸ್ತು, ಟಿಕೆಟ್ಟಿಲ್ಲದೆ ಯಾರೂ ನೋಡಬಹುದಾದ ಸಾರ್ವಜನಿಕ ಆಸ್ತಿಯಾಯಿತು.

ಕಾಣದ ಚಿನ್ನ

ಮುನ್‌ಸ್ಟೈನರ್ ಒಬ್ಬರೇ ಹೀಗೆ ಯೋಚಿಸಿದವರಲ್ಲ. 1960ರ ದಶಕದಿಂದ ಯುರೋಪಿನ ಆಭರಣ ಕಲಾವಿದರಲ್ಲಿ ಒಂದು ಚರ್ಚೆ ಬೆಳೆಯಿತು. ಆಭರಣದ ಬೆಲೆ ಇರುವುದು ಲೋಹದಲ್ಲೋ, ಅದನ್ನು ಮಾಡಿದವನ ಕಲ್ಪನೆಯಲ್ಲೋ? ನೆದರ್‌ಲೆಂಡ್ಸಿನಲ್ಲಿ ಖೈಸ್ ಬಾಕರ್, ಎಮ್ಮಿ ವಾನ್ ಲೇರ್ಸಮ್ ದಂಪತಿ ಪಾತ್ರೆ ಮಾಡುವ ಅಲ್ಯೂಮಿನಿಯಂನಲ್ಲಿ ಕೊರಳಪಟ್ಟಿ ಮಾಡಿ ತೋರಿಸಿದರು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಮ್ಯೂನಿಕ್‌ನಲ್ಲಿ ನೆಲೆಸಿದ ಒಟ್ಟೊ ಕ್ಯೂನ್ಸ್‌ಲಿ 1980ರಲ್ಲಿ ಮಾಡಿದ ಬಳೆಯಂತೂ ಇಂದಿಗೂ ಚರ್ಚೆಯಲ್ಲಿದೆ. ಅದು ಕಪ್ಪು ರಬ್ಬರಿನ ಕೊಳವೆಯ ಬಳೆ. ಒಂದು ಕಡೆ ಸ್ವಲ್ಪ ಉಬ್ಬಿದೆ. ಒಳಗೆ ಒಂದು ಚಿನ್ನದ ಗುಂಡು ಅಡಗಿದೆ. ಹೆಸರು ‘ಚಿನ್ನ ಕುರುಡಾಗಿಸುತ್ತದೆ’. ತೊಟ್ಟವರಿಗೂ ಚಿನ್ನ ಕಾಣದು, ನೋಡುವವರಿಗೂ ಕಾಣದು. ಇದೆ ಎಂಬ ನಂಬಿಕೆ ಮಾತ್ರ. ಬಳೆ ಸವೆದು ಹರಿದರಷ್ಟೇ ನಿಜ ಹೊರಬಂದೀತು. ಆಗ ಬಳೆ ಇರುವುದಿಲ್ಲ.

ಅಕ್ಷಯ ತೃತೀಯದ ದಿನ ಚಿನ್ನದಂಗಡಿಯ ಮುಂದೆ ಸರದಿ ನಿಲ್ಲುವ ನಮಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಒಡವೆಯೆಂದರೆ ಕಷ್ಟಕ್ಕೆ ಆಗುವ ಆಸ್ತಿ. ಹೆಣ್ಣುಮಕ್ಕಳ ಪಾಲಿಗೆ ಎಷ್ಟೋ ಸಲ ಅವರದೇ ಎನ್ನಬಹುದಾದ ಏಕೈಕ ಆಸ್ತಿ. ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೂ ಅಂಗಡಿಯಲ್ಲಿ ‘ಮಜೂರಿ ಎಷ್ಟು, ಸವಕಳಿ ಎಷ್ಟು’ ಎಂದು ಚೌಕಾಸಿ ಮಾಡುವಾಗ, ನಾವು ಇಳಿಸಲು ಹೊರಟಿರುವುದು ಮಾಡಿದ ಕೈಯ ಪಾಲನ್ನು ಎಂಬುದನ್ನು ನೆನಪಿಡುವುದು ಒಳ್ಳೆಯದು.

ಹೊಳಪಿನ ಹಿಂದಿನ ಧೂಳು

ಕೈಯ ಮಾತು ಬಂದದ್ದರಿಂದ ಗುಜರಾತಿನ ಖಂಭಾತ್ ಊರನ್ನೂ ಹೆಸರಿಸಬೇಕು. ಅಗೇಟ್ ಮಣಿ ಮಾಡುವುದರಲ್ಲಿ ಅದು ಇಡಾರ್‌ಗಿಂತ ಎಷ್ಟೋ ಹಳೆಯದು. ಹರಪ್ಪ ಕಾಲದ ಮಣಿಗಾರಿಕೆಯ ಪರಂಪರೆ ಆ ಸೀಮೆಯದು. ಅಲ್ಲಿನ ಕುಟುಂಬಗಳು ಮನೆಯಲ್ಲೇ ಸಾಣೆ ಇಟ್ಟುಕೊಂಡು ದುಡಿಯುತ್ತವೆ. ಒಣ ಕಲ್ಲನ್ನು ಉಜ್ಜಿದಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ನವುರು. ಅದು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ಕೂತು, ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ಗುಣಪಡಿಸುವ ಔಷಧವಿಲ್ಲ. ಕ್ಷಯರೋಗಕ್ಕೂ ಅದು ಬಾಗಿಲು ತೆರೆಯುತ್ತದೆ. 1948ರ ಕಾರ್ಖಾನೆ ಕಾಯಿದೆ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಮನೆಯ ಜಗಲಿ ಕಾರ್ಖಾನೆಯಲ್ಲ. ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಪಕ್ಕದಲ್ಲಿ ಆಡುವ ಮಗುವಿನ ಉಸಿರಿಗೂ ಅದೇ ಧೂಳು.

ಪರಿಹಾರ ದೊಡ್ಡ ವಿಜ್ಞಾನವೇನಲ್ಲ. ಸಾಣೆಯ ಮೇಲೆ ನೀರು ಹರಿಸಿ ಒದ್ದೆಯಾಗಿಯೇ ಉಜ್ಜುವುದು, ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಯಂತ್ರ, ಮೂಗಿಗೆ ತಕ್ಕ ಮುಖವಾಡ. ಇವು ಎಲ್ಲ ಕಡೆ ಸಿಗಬಲ್ಲವು. ಸಿಗಬೇಕಾದರೆ ಮಣಿಯ ಬೆಲೆ ಕೆಲವು ಪೈಸೆ ಏರಬೇಕು. ಅದನ್ನು ಕೊಡುವವರು ಯಾರು ಎನ್ನುವಲ್ಲಿ ಮಾತು ನಿಂತುಹೋಗಿದೆ.

ಯಾವ ವಿಭಾಗಕ್ಕೆ ಸೇರಿಸುವುದು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಪೋಷಕರು ನನ್ನಂತಹ ಮಾಸ್ತರರಲ್ಲಿ ಕೇಳುವ ಪ್ರಶ್ನೆ ಒಂದೇ: “ಸಾರ್, ಸೈನ್ಸ್ ಕೊಡಿಸೋಣವೋ, ಆರ್ಟ್ಸೋ?” ಚಿತ್ರ ಬರೆಯುವ ಹುಡುಗಿ, ತಂತಿ ಬಗ್ಗಿಸಿ ಏನಾದರೊಂದು ಮಾಡುತ್ತ ಕೂರುವ ಹುಡುಗ ಎದುರಿಗೆ ತಲೆತಗ್ಗಿಸಿ ನಿಂತಿರುತ್ತಾರೆ. ಈ ಎರಡು ಪೆಟ್ಟಿಗೆಗಳ ಹೊರಗೂ ಬದುಕಿದೆ ಎಂದು ಹೇಳುವುದು ಅಷ್ಟು ಸುಲಭವಲ್ಲ; ಆ ಮನೆಯ ಸಾಲ, ಮಕ್ಕಳ ಮದುವೆಯ ಚಿಂತೆ ಮಾಸ್ತರರಿಗೂ ಗೊತ್ತಿರುತ್ತದೆ.

ಆದರೂ ಮುನ್‌ಸ್ಟೈನರ್ ಯಾವ ವಿಭಾಗದವರು ಎಂದು ಕೇಳಿಕೊಳ್ಳಬಹುದು. ಹರಳಿನ ರಚನೆ, ಬೆಳಕಿನ ಕೋನ ತಿಳಿಯದೆ ಅವರ ಕೈ ಒಂದು ಗಾಡಿಯನ್ನೂ ಕೊರೆಯುವಂತಿರಲಿಲ್ಲ. ಬರಿಯ ಲೆಕ್ಕವಷ್ಟೇ ತಿಳಿದಿದ್ದರೆ ಇನ್ನೊಂದು 57 ಮುಖದ ಹರಳು ಆಗುತ್ತಿತ್ತು. ಇಡಾರ್-ಓಬರ್‌ಸ್ಟೈನ್‌ನಲ್ಲಿ ಇಂದು ಟ್ರಿಯರ್ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಶಾಖೆಯೊಂದಿದ್ದು, ರತ್ನ ಮತ್ತು ಆಭರಣ ಕಲೆಯಲ್ಲಿ ಪದವಿ, ಸ್ನಾತಕೋತ್ತರ ಪದವಿ ಕಲಿಸುತ್ತಾರೆ; ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿದ್ದಾರೆ. ನಮ್ಮಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂತಹ ಕಡೆ ಪಿಯುಸಿಯಲ್ಲಿ ಯಾವ ವಿಷಯ ಓದಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಇದು ಸುಲಭದ ದಾರಿಯೂ ಅಲ್ಲ, ಎಲ್ಲರ ದಾರಿಯೂ ಅಲ್ಲ. ದಾರಿಯೊಂದು ಇದೆ ಎಂಬುದು ಮನೆಯವರಿಗೆ ತಿಳಿದಿದ್ದರೆ, ನಿರ್ಧಾರಕ್ಕೆ ಮೊದಲು ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನೂ ಒಮ್ಮೆ ತೆರೆದು ನೋಡಿಯಾರು.

ಮುನ್‌ಸ್ಟೈನರ್ 2024ರಲ್ಲಿ ತೀರಿಕೊಂಡರು. ಅವರ ಮಗ ಟಾಮ್ 1990ರ ದಶಕದಲ್ಲೇ ಕಾರ್ಯಾಗಾರದ ಹೊಣೆ ಹೊತ್ತಿದ್ದರು. ಸೊಸೆ ಯುಟ್ಟಾ ಆ ಹರಳುಗಳಿಗೆ ತಕ್ಕ ಒಡವೆ ಮಾಡುವ ಕಲಾವಿದೆ. ತಾತ, ಮುತ್ತಾತ ಹಿಡಿದ ಕಸುಬು ಹಾಗೆ ಮುಂದುವರಿದಿದೆ. ಹೊಟ್ಟೆಯ ಮೇಲೆ ಮಲಗಿ ದುಡಿಯುವ ಕಾಲ ಮಾತ್ರ ಅಲ್ಲಿ ಮುಗಿದಿದೆ.

ಇನ್ನು ಪೆದ್ರ ಅಜೂಲ್‌ನಲ್ಲಿ ಒಡೆದ ಹರಳಿನ ಉಳಿದೆರಡು ತುಂಡುಗಳು. ಅವೂ ಅದೇ ಬಣ್ಣದವು, ಅದೇ ಶಿಲಾರಸದಲ್ಲಿ ಬೆಳೆದವು. ಚಿಕ್ಕಚಿಕ್ಕ ಹರಳುಗಳಾಗಿ, ಕ್ಯಾರೆಟ್ ಲೆಕ್ಕದಲ್ಲಿ ಮಾರಾಟವಾಗಿ, ಯಾರಯಾರದೋ ಬೆರಳಿನಲ್ಲಿ, ಕಿವಿಯಲ್ಲಿ ಈಗ ಹೊಳೆಯುತ್ತಿರಬೇಕು.